ಮೂರ್ಛೆ ರೋಗಿಯ ಮಿದುಳನ್ನು ಯಾವ ಭಾಷೆಯಲ್ಲಿ ಮಾತನಾಡಿಸಬೇಕು?

ಬಾಗೇಪಲ್ಲಿ ಕಡೆಯ ರೈತರೊಬ್ಬರನ್ನು ಊಹಿಸಿಕೊಳ್ಳಿ. ಮನೆಯಲ್ಲಿ ತೆಲುಗು, ತಾಲ್ಲೂಕು ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಹದಿಹರೆಯದಲ್ಲಿ ಶುರುವಾದ ಮೂರ್ಛೆ ರೋಗ ಎರಡು ಮೂರು ಬಗೆಯ ಮಾತ್ರೆಗಳಿಗೂ ಬಗ್ಗಿಲ್ಲ. ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ನೋಡಲು ಬೆಂಗಳೂರಿನ ಆಸ್ಪತ್ರೆಯಲ್ಲಿ ಅವರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸುತ್ತಾರೆ. ಮಾತನ್ನು ನಡೆಸುವ ಭಾಗಗಳು ಮಿದುಳಿನ ಯಾವ ಬದಿಯಲ್ಲಿ ಎಲ್ಲೆಲ್ಲಿ ಇವೆ ಎಂಬುದು ಮೊದಲು ಗೊತ್ತಾಗಬೇಕು; ಅದಕ್ಕಾಗಿ ಯಂತ್ರದೊಳಗೆ ಮಲಗಿದವರಿಂದ ಮಾತಿಗೆ ಸಂಬಂಧಿಸಿದ ಕೆಲಸ ಮಾಡಿಸಬೇಕು. ಅದನ್ನು ತೆಲುಗಿನಲ್ಲಿ ಮಾಡಿಸಬೇಕೋ ಕನ್ನಡದಲ್ಲೋ?

ಮಿದುಳಿನ ಚಿತ್ರಣದ ಬಗ್ಗೆ ಬರುವ ಸುದ್ದಿಗಳೆಲ್ಲ ಸಾಮಾನ್ಯವಾಗಿ ಯಂತ್ರದ ಸುತ್ತಲೇ ಸುತ್ತುತ್ತವೆ: ಕಾಂತದ ಬಲ ಎಷ್ಟು ಟೆಸ್ಲಾ, ಬೆಲೆ ಎಷ್ಟು ಕೋಟಿ, ಯಾವ ಜಿಲ್ಲಾಸ್ಪತ್ರೆಗೆ ಯಾವಾಗ ಬರುತ್ತದೆ. ಯಂತ್ರದೊಳಗೆ ರೋಗಿಗೆ ಏನನ್ನು ತೋರಿಸುತ್ತೇವೆ, ಯಾವ ನುಡಿಯಲ್ಲಿ ಕೇಳುತ್ತೇವೆ, ಯಾರ ಮುಖವನ್ನು ನೋಡಿಸುತ್ತೇವೆ ಎಂಬ ವಿಚಾರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಮಟ್ಟಿಗಂತೂ ಫಲಿತಾಂಶದ ಬೆಲೆಯನ್ನು ನಿರ್ಧರಿಸುವುದು ಈ ಎರಡನೆಯ ವಿಚಾರವೇ ಎಂಬುದು ನನ್ನ ವಾದ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಬೆಂಗಳೂರಿನ ಜೊತೆಗೆ ಆಯ್ಕೆಯಾದವು ಕೋಲಾರ ಮತ್ತು ಚಿಕ್ಕಬಳ್ಳಾಪುರ. ಪಾರ್ಶ್ವವಾಯು, ತಲೆನೋವು, ಮರೆವಿನ ಕಾಯಿಲೆಗಳ ಜೊತೆ ಮೂರ್ಛೆ ರೋಗವೂ ಅದರ ವ್ಯಾಪ್ತಿಯಲ್ಲಿದೆ. ಅದಕ್ಕೂ ದಶಕಗಳ ಮೊದಲಿನಿಂದ ನಿಮ್ಹಾನ್ಸ್ ವೈದ್ಯರು ಗೌರಿಬಿದನೂರು, ಮಧುಗಿರಿಯಂಥ ಊರುಗಳಿಗೆ ಹೋಗಿ ಶಿಬಿರ ನಡೆಸುತ್ತಿದ್ದರು. ಜಿಲ್ಲೆಯಲ್ಲೇ ರೋಗವನ್ನು ಗುರುತಿಸುವವರು ಹೆಚ್ಚಿದಂತೆ, ಮಾತ್ರೆಗೆ ಬಗ್ಗದವರನ್ನು ಮುಂದಿನ ತಪಾಸಣೆಗೆ ಕಳುಹಿಸುವುದೂ ಹೆಚ್ಚುತ್ತದೆ.

ಎಷ್ಟು ಜನ ಇರಬಹುದು? 2004ರಲ್ಲಿ ಪ್ರಕಟವಾದ ಬೆಂಗಳೂರು ನಗರ ಮತ್ತು ಗ್ರಾಮಾಂತರ ಸಮೀಕ್ಷೆಯು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿ, ಸಾವಿರಕ್ಕೆ 8.8 ಜನರಿಗೆ ಅಪಸ್ಮಾರ, ಎಂದರೆ ಮೂರ್ಛೆ ರೋಗ, ಇದೆ ಎಂದು ಕಂಡುಕೊಂಡಿತ್ತು, ಹಳ್ಳಿಗಳಲ್ಲಿ 11.9, ನಗರದಲ್ಲಿ 5.7. ಈ ಮೂರು ಜಿಲ್ಲೆಗಳ 2011ರ ಜನಸಂಖ್ಯೆ ಸುಮಾರು 54 ಲಕ್ಷ. ಸರಾಸರಿ ದರವನ್ನೇ ಹಿಡಿದರೂ 48 ಸಾವಿರದ ಆಸುಪಾಸಿನ ಲೆಕ್ಕ ಬರುತ್ತದೆ. ಇದು ನಾನು ಗುಣಿಸಿ ಹೇಳಿದ ಅಂದಾಜು, ಎಣಿಸಿದ ಸಂಖ್ಯೆಯಲ್ಲ. ಇವರಲ್ಲಿ ಬಹುತೇಕರಿಗೆ ಬೇಕಿರುವುದು ಸರಿಯಾದ ಮಾತ್ರೆ, ತಪ್ಪದೆ. ಸರಿಯಾದ ರೋಗನಿರ್ಣಯ ಮತ್ತು ಚಿಕಿತ್ಸೆ ಸಿಕ್ಕರೆ ಶೇ 70ರಷ್ಟು ಜನ ಮೂರ್ಛೆಯಿಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೂಕ್ತವಾಗಿ ಆರಿಸಿದ ಎರಡು ಔಷಧಗಳನ್ನು ಸರಿಯಾಗಿ ಕೊಟ್ಟ ಮೇಲೂ ಮೂರ್ಛೆ ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಅಪಸ್ಮಾರ ಎನ್ನುತ್ತಾರೆ. ಭಾಷೆಯ ನಕ್ಷೆಯ ಪ್ರಶ್ನೆ ಏಳುವುದು ಈ ಗುಂಪಿನಲ್ಲಿ, ಅದರಲ್ಲೂ ಶಸ್ತ್ರಚಿಕಿತ್ಸೆಗೆ ಒಗ್ಗುವವರಲ್ಲಿ.

ಶಸ್ತ್ರಚಿಕಿತ್ಸೆಯ ಹೆಸರೆತ್ತಿದರೆ ಮನೆಯವರು ಹೌಹಾರುತ್ತಾರೆ. ಆದರೆ ಪುರಾವೆ ಗಟ್ಟಿಯಾಗಿದೆ. ಟೆಂಪೊರಲ್ ಹಾಲೆಯಲ್ಲಿ, ಎಂದರೆ ಮಿದುಳಿನಲ್ಲಿ ಕಿವಿಯ ನೇರಕ್ಕೆ ಇರುವ ಭಾಗದಲ್ಲಿ, ಮೂರ್ಛೆ ಹುಟ್ಟುತ್ತಿದ್ದ 80 ರೋಗಿಗಳನ್ನು ಕೆನಡಾದ ವೈದ್ಯರು ಎರಡು ಗುಂಪು ಮಾಡಿ ನೋಡಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಪ್ರಜ್ಞೆ ತಪ್ಪಿಸುವ ಮೂರ್ಛೆಗಳಿಂದ ಒಂದು ವರ್ಷದ ನಂತರ ಮುಕ್ತರಾಗಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 58, ಬರೀ ಮಾತ್ರೆಯ ಗುಂಪಿನಲ್ಲಿ ಶೇ 8. ತೊಡಕು ಬೇರೆಡೆ ಇದೆ. ಅದೇ ಹಾಲೆಯ ಆಸುಪಾಸಿನಲ್ಲಿ ನೆನಪು, ಹೆಸರು ಹೇಳುವ ಶಕ್ತಿ, ಭಯವನ್ನು ಗುರುತಿಸುವ ಶಕ್ತಿ ಎಲ್ಲವೂ ಒತ್ತೊತ್ತಾಗಿ ಕೂತಿವೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನ ಮೂರ್ಛೆ ನಿಲ್ಲಿಸಲು ಎರಡೂ ಬದಿಯ ಟೆಂಪೊರಲ್ ಹಾಲೆಯ ಒಳಭಾಗವನ್ನು ತೆಗೆದರು. ಆತ 2008ರಲ್ಲಿ ಸಾಯುವವರೆಗೂ ಹೊಸದಾಗಿ ಏನನ್ನೂ ನೆನಪಿಟ್ಟುಕೊಳ್ಳಲಾಗಲಿಲ್ಲ. ಇಂದು ಆ ರೀತಿ ಎರಡೂ ಬದಿಗೆ ಯಾರೂ ಕೈ ಹಾಕುವುದಿಲ್ಲ. ಆದರೂ ಎಡಬದಿಯಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರಿಗೆ ವಸ್ತುಗಳ ಹೆಸರು ಥಟ್ಟನೆ ಹೊಳೆಯುವುದು ಕಡಿಮೆಯಾಗುತ್ತದೆ.

ಆದ್ದರಿಂದ ಕತ್ತರಿಸುವ ಮೊದಲು ಮಾತಿನ ಜಾಗ ಗೊತ್ತಿರಬೇಕು. 1861ರಲ್ಲಿ ಪ್ಯಾರಿಸ್‌ನ ಪಾಲ್ ಬ್ರೋಕಾ ಮಾತಿನ ಕೇಂದ್ರವನ್ನು ಮಿದುಳಿನ ಎಡ ಮುಂಭಾಗಕ್ಕೆ ಗುರುತು ಹಾಕಿದ್ದು 'ತಾನ್' ಎಂಬ ಒಂದೇ ಸದ್ದನ್ನು ಆಡಬಲ್ಲವನಾಗಿದ್ದ ರೋಗಿಯ ಮಿದುಳನ್ನು ನೋಡಿ. ಆತನಿಗೆ ಎಳೆಯ ವಯಸ್ಸಿನಿಂದ ಅಪಸ್ಮಾರವೂ ಇತ್ತೆಂಬುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದೇ ಇಲ್ಲ. ಮುಂದೆ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣ ವಿದ್ಯುತ್ ಸೋಕಿಸಿ ಮಾತು ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. 1949ರಲ್ಲಿ ಜಪಾನಿನ ಜುನ್ ವಾಡಾ ಕತ್ತಿನ ರಕ್ತನಾಳದ ಮೂಲಕ ಮಂಪರಿನ ಔಷಧ ಕೊಟ್ಟು ಮಿದುಳಿನ ಅರ್ಧ ಭಾಗವನ್ನು ಕೆಲವು ನಿಮಿಷ ಮಲಗಿಸುವ ಪರೀಕ್ಷೆಯನ್ನು ವಿವರಿಸಿದರು. ಮಲಗಿದ ಅರ್ಧದಲ್ಲಿ ಮಾತಿದ್ದರೆ ರೋಗಿಯ ಮಾತು ನಿಲ್ಲುತ್ತದೆ. ಸರಳ ಉಪಾಯ, ಆದರೆ ರಕ್ತನಾಳದೊಳಗೆ ನಳಿಕೆ ಹಾಕುವ ಅಪಾಯ ಅದರ ಬೆನ್ನಿಗೇ ಇದೆ.

ಫಂಕ್ಷನಲ್ ಎಂಆರ್‌ಐಗೆ ಚುಚ್ಚುವುದು ಬೇಕಿಲ್ಲ. ಮಿದುಳಿನ ಒಂದು ಭಾಗ ದುಡಿದಾಗ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಹೊತ್ತ ರಕ್ತಕ್ಕೂ ಅದನ್ನು ಬಿಟ್ಟುಕೊಟ್ಟ ರಕ್ತಕ್ಕೂ ಕಾಂತೀಯ ಗುಣದಲ್ಲಿ ಸಣ್ಣ ವ್ಯತ್ಯಾಸವಿದೆ. 1990ರಲ್ಲಿ ಸೆಯ್ಜಿ ಒಗಾವಾ ತೋರಿಸಿಕೊಟ್ಟ ಈ ವ್ಯತ್ಯಾಸವನ್ನೇ ಯಂತ್ರ ಅಳೆಯುತ್ತದೆ. ಯೋಚನೆ ಕ್ಷಣದ ಕೆಲಸ, ರಕ್ತದ ಏರಿಕೆ ಐದಾರು ಸೆಕೆಂಡು ತಡವಾಗಿ ಶಿಖರ ಮುಟ್ಟುತ್ತದೆ. ಹಾಗಾಗಿ ಅರ್ಧ ನಿಮಿಷ ಕೆಲಸ, ಅರ್ಧ ನಿಮಿಷ ವಿರಾಮ ಎಂದು ಸರದಿ ಮಾಡಿ, ಎರಡರ ನಡುವಿನ ಅಂತರವನ್ನು ಲೆಕ್ಕ ಹಾಕುತ್ತಾರೆ. ತಲೆ ಕೆಲವೇ ಮಿಲಿಮೀಟರ್ ಅಲುಗಿದರೂ ಶ್ರಮ ವ್ಯರ್ಥ. ತಾಳಿ, ಬಳೆ, ಕಾಲುಂಗುರ ಎಲ್ಲ ತೆಗೆದಿಟ್ಟು, ಇಕ್ಕಟ್ಟಾದ ಸುರಂಗದಲ್ಲಿ, ಕಿವಿ ಗಡಚಿಕ್ಕುವ ಸದ್ದಿನ ನಡುವೆ ಅಲುಗದೆ ಮಲಗಿರುವುದು ನಮ್ಮ ಹೆಂಗಸರಿಗೆ ಎಷ್ಟು ಮುಜುಗರ ಎಂಬುದನ್ನು ತಂತ್ರಜ್ಞರು ಬಲ್ಲರು.

ಅಮೆರಿಕದ ನರವೈದ್ಯರ ಅಕಾಡೆಮಿ 2017ರ ಮಾರ್ಗಸೂಚಿಯಲ್ಲಿ, ಟೆಂಪೊರಲ್ ಹಾಲೆಯ ಒಳಭಾಗದ ಅಪಸ್ಮಾರವಿರುವವರಲ್ಲಿ ಮಾತು ಯಾವ ಬದಿಯಲ್ಲಿದೆ ಎಂದು ತಿಳಿಯಲು ವಾಡಾ ಪರೀಕ್ಷೆಯ ಬದಲು ಫಂಕ್ಷನಲ್ ಎಂಆರ್‌ಐಯನ್ನು ಪರಿಗಣಿಸಬಹುದು ಎಂದಿತು. ಬದಿ ತಿಳಿಯುವುದು ಏಕೆ ಮುಖ್ಯ? ಬಲಗೈ ಬಳಸುವ ಆರೋಗ್ಯವಂತರಲ್ಲಿ ಬಹುಪಾಲು ಜನರಿಗೆ ಮಾತು ಎಡಕ್ಕೇ ಇರುತ್ತದೆ. 1999ರ ಒಂದು ಅಧ್ಯಯನದಲ್ಲಿ ಅಂಥವರು ಶೇ 94 ಇದ್ದರೆ, ಬಲಗೈ ಬಳಸುವ ಅಪಸ್ಮಾರ ರೋಗಿಗಳಲ್ಲಿ ಶೇ 78 ಮಾತ್ರ. ಚಿಕ್ಕಂದಿನಿಂದ ಕಾಡಿದ ಮೂರ್ಛೆಯ ದೆಸೆಯಿಂದ ಮಾತು ತನ್ನ ಜಾಗವನ್ನೇ ಬದಲಿಸಿರಬಹುದು. ಪುಸ್ತಕದ ನಕ್ಷೆಯನ್ನು ನಂಬಿ ಕತ್ತಿ ಹಿಡಿಯುವಂತಿಲ್ಲ.

ಇಲ್ಲಿ ಒಂದು ಎಚ್ಚರ. ಮದುವೆ ಮನೆಯಲ್ಲಿ ಓಡಾಡುವವರೆಲ್ಲ ಅಡುಗೆಯವರಲ್ಲ. ಚಿತ್ರದಲ್ಲಿ ಬೆಳಗಿದ ಜಾಗವೆಲ್ಲ ಮಾತಿಗೆ ಅನಿವಾರ್ಯವಲ್ಲ. ಆ ಭಾಗ ಇಲ್ಲದಿದ್ದರೆ ಮಾತು ನಿಲ್ಲುತ್ತದೆಯೇ ಎಂಬುದಕ್ಕೆ ವಾಡಾ ಪರೀಕ್ಷೆ ಅಥವಾ ವಿದ್ಯುತ್ ಪ್ರಚೋದನೆ ನೇರ ಉತ್ತರ ಕೊಡುತ್ತದೆ. ಫಂಕ್ಷನಲ್ ಎಂಆರ್‌ಐ ಹೇಳುವುದು ಆ ಕೆಲಸದ ವೇಳೆ ಅಲ್ಲಿ ಚಟುವಟಿಕೆ ಇತ್ತು ಎಂದಷ್ಟೇ. ಈ ಮಿತಿಯ ನಡುವೆಯೂ ಅದರ ಮುನ್ಸೂಚನೆಗೆ ಬೆಲೆಯಿದೆ. ಎಡ ಟೆಂಪೊರಲ್ ಶಸ್ತ್ರಚಿಕಿತ್ಸೆಯಾದ 24 ರೋಗಿಗಳ 2003ರ ಅಧ್ಯಯನವೊಂದರಲ್ಲಿ, ಮೊದಲೇ ತೆಗೆದ ಚಿತ್ರದಲ್ಲಿ ಮಾತು ಎಡಕ್ಕೆ ಹೆಚ್ಚು ವಾಲಿದಷ್ಟೂ ಹೆಸರು ಹೇಳುವ ಶಕ್ತಿ ನಂತರ ಹೆಚ್ಚು ಕುಸಿದಿತ್ತು.

ಈಗ ಬಾಗೇಪಲ್ಲಿಯ ಪ್ರಶ್ನೆ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಗೌರಿಬಿದನೂರು, ಪಾವಗಡ, ಈ ಊರುಗಳಲ್ಲಿ ತೆಲುಗು ಮನೆಮಾತಾದವರು ಎಷ್ಟೋ ಜನ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ತಮಿಳು, ಮೂರೂ ಜಿಲ್ಲೆಗಳ ಪಟ್ಟಣಗಳಲ್ಲಿ ಉರ್ದು. ಇವರಿಗೆಲ್ಲ ಕನ್ನಡ ಶಾಲೆಯ, ಕಚೇರಿಯ, ಬಸ್ಸಿನ ನುಡಿ. ಎರಡು ನುಡಿಗಳು ಮಿದುಳಿನಲ್ಲಿ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆಯೇ? 1978ರಲ್ಲೇ ಅಮೆರಿಕದ ಆಜೆಮನ್ ಮತ್ತು ವಿಟೇಕರ್, ದ್ವಿಭಾಷಿಕರ ಮಿದುಳಿಗೆ ವಿದ್ಯುತ್ ಸೋಕಿಸಿದಾಗ ಕೆಲವು ಜಾಗಗಳಲ್ಲಿ ಎರಡೂ ನುಡಿ ತಡವರಿಸುತ್ತವೆ, ಕೆಲವೆಡೆ ಒಂದು ಮಾತ್ರ ತಡವರಿಸುತ್ತದೆ ಎಂದು ವರದಿ ಮಾಡಿದ್ದರು. 1997ರ ಒಂದು ಫಂಕ್ಷನಲ್ ಎಂಆರ್‌ಐ ಅಧ್ಯಯನ ಇನ್ನೊಂದು ಸುಳಿವು ಕೊಟ್ಟಿತು: ಎಳವೆಯಲ್ಲೇ ಎರಡನ್ನೂ ಕಲಿತವರಿಗೆ ಮಿದುಳಿನ ಮುಂಭಾಗದಲ್ಲಿ ಎರಡೂ ಒಂದೇ ಜಾಗದಲ್ಲಿದ್ದವು, ದೊಡ್ಡವರಾದ ಮೇಲೆ ಎರಡನೆಯದನ್ನು ಕಲಿತವರಿಗೆ ಪಕ್ಕಪಕ್ಕದಲ್ಲಿ ಬೇರೆಯಾಗಿದ್ದವು. ಕಲಿತ ವಯಸ್ಸಿನಷ್ಟೇ ನುಡಿಯ ಮೇಲಿನ ಹಿಡಿತವೂ ಮುಖ್ಯ ಎಂದು ನಂತರದ ಸಂಶೋಧಕರು ತಿದ್ದಿದರು.

ಇದರ ಅರ್ಥ ಇಷ್ಟು: ಒಂದೇ ನುಡಿಯಲ್ಲಿ ನಕ್ಷೆ ಬರೆದರೆ ಇನ್ನೊಂದು ನುಡಿಗಷ್ಟೇ ಬೇಕಾದ ಜಾಗ ಕಣ್ತಪ್ಪಬಹುದು. ಶಸ್ತ್ರಚಿಕಿತ್ಸೆಯ ನಂತರ ವ್ಯಕ್ತಿ ವೈದ್ಯರೊಂದಿಗೆ ಕನ್ನಡದಲ್ಲಿ ಸರಾಗವಾಗಿ ಮಾತನಾಡಿ, ಮನೆಗೆ ಹೋಗಿ ತಾಯಿಯ ಮುಂದೆ ತಡವರಿಸಿದರೆ ಆಸ್ಪತ್ರೆಯ ದಾಖಲೆಯಲ್ಲಿ ಅದು 'ತೊಂದರೆ ಇಲ್ಲ' ಎಂದೇ ನಮೂದಾಗುತ್ತದೆ. ನನಗೆ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಕಳವಳ ತರುವ ಸಂಗತಿ ಇದು.

ನುಡಿ ಸರಿಯಾದರೂ ಕೆಲಸ ಸರಿಯಾಗಬೇಕು. ಕೊಟ್ಟ ಅಕ್ಷರದಿಂದ ಆರಂಭವಾಗುವ ಪದಗಳನ್ನು ಹೇಳಿಸುವುದು ಪ್ರಪಂಚದೆಲ್ಲೆಡೆ ಬಳಕೆಯಲ್ಲಿರುವ ಪರೀಕ್ಷೆ. ಇಂಗ್ಲಿಷ್ ಬಲ್ಲವರಿಗೆ ಎಫ್, ಎ, ಎಸ್ ಅಕ್ಷರಗಳನ್ನು ಕೊಟ್ಟರೆ, ನಿಮ್ಹಾನ್ಸ್‌ನ ಪರೀಕ್ಷಾಮಾಲೆಯಲ್ಲಿ ಭಾರತೀಯ ಭಾಷೆಗಳಿಗೆ ಕ, ಪ, ಮ ಇವೆ. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಸಾಕ್ಷರತೆ 2011ರಲ್ಲಿ ಶೇ 70ರ ಆಸುಪಾಸಿನಲ್ಲಿತ್ತು. ಅಕ್ಷರ ಕಲಿಯದವರಿಗೆ ಪದವನ್ನು ಸದ್ದುಗಳಾಗಿ ಒಡೆಯುವ ಅಭ್ಯಾಸವೇ ಇರುವುದಿಲ್ಲ. ಪೋರ್ಚುಗಲ್‌ನ 1998ರ ಅಧ್ಯಯನವೊಂದು, ಅರ್ಥವಿಲ್ಲದ ಪದಗಳನ್ನು ಕೇಳಿ ಹಾಗೆಯೇ ಹೇಳುವಾಗ ಓದು ಬಲ್ಲವರ ಮತ್ತು ಬಾರದವರ ಮಿದುಳು ಬೇರೆ ಬೇರೆ ರೀತಿ ಕೆಲಸ ಮಾಡುವುದನ್ನು ತೋರಿಸಿತ್ತು. ಹೀಗಿರುವಾಗ ಅಕ್ಷರದ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಅದು ರೋಗವೋ ಶಾಲೆಯ ಕೊರತೆಯೋ? ಇಂಥವರಿಗೆ ಪ್ರಾಣಿಗಳ ಹೆಸರು, ತರಕಾರಿಗಳ ಹೆಸರು ಹೇಳಿಸುವುದು ಲೇಸು. ನಾಮಪದ ಕೊಟ್ಟು ಕ್ರಿಯಾಪದ ಹೇಳಿಸುವ ಪರೀಕ್ಷೆಯೂ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. 'ರಾಗಿ' ಎಂದರೆ ಸಾಕು. ಬಿತ್ತು, ಒಕ್ಕು, ತೂರು, ಬೀಸು ಎಂದು ಸಾಲಾಗಿ ಬರುತ್ತವೆ. ಯಂತ್ರದೊಳಗೆ ಇದನ್ನು ತುಟಿಯಾಡಿಸದೆ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಇಲ್ಲದಿದ್ದರೆ ತಲೆ ಅಲುಗುತ್ತದೆ. ಆದ್ದರಿಂದ ಮೊದಲು ಹೊರಗೆ ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸಿದವರ ಚಿತ್ರವೇ ನಂಬಲು ಯೋಗ್ಯ.

ಚಿತ್ರ ನೋಡಿ ಹೆಸರು ಹೇಳುವ ಪರೀಕ್ಷೆಯ ಪಾಡೂ ಇದೇ. ಬಾಸ್ಟನ್ ಹೆಸರಿನ ಪ್ರಸಿದ್ಧ ಪಟ್ಟಿಯಲ್ಲಿ ಬೀವರ್, ಇಗ್ಲೂ, ಪ್ರೆಟ್ಜೆಲ್ ಇವೆ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಅವುಗಳ ಹೆಸರು ಹೊಳೆಯದಿದ್ದರೆ ಟೆಂಪೊರಲ್ ಹಾಲೆಯನ್ನು ದೂರಬೇಕಿಲ್ಲ. ಅವರ ಮುಂದೆ ಚಂದ್ರಿಕೆಯ, ಎಂದರೆ ರೇಷ್ಮೆಹುಳು ಗೂಡು ಕಟ್ಟುವ ತಟ್ಟೆಯ, ಚಿತ್ರವಿಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ. ಅದೇ ಚಿತ್ರವನ್ನು ತಿಪಟೂರಿನ ತೆಂಗು ಬೆಳೆಗಾರರ ಮುಂದಿಟ್ಟರೆ ಅವರು ತಬ್ಬಿಬ್ಬಾಗಬಹುದು. ಕನ್ನಡಕ್ಕೆ ಅನುವಾದಿಸಿಬಿಟ್ಟರೆ ಮುಗಿಯಿತು ಎನ್ನುವವರು ಈ ಎರಡು ಊರುಗಳ ನಡುವಿನ ದೂರವನ್ನು ಮರೆಯುತ್ತಾರೆ.

ಭಾವನೆಯ ಕಡೆಗೆ ಬರೋಣ. ಟೆಂಪೊರಲ್ ಹಾಲೆಯ ಒಳಗೆ, ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್‌ನ ಮುಂದೆ, ಬಾದಾಮಿಯಾಕಾರದ ಅಮಿಗ್ಡಲ ಇದೆ. ಅಪಾಯವನ್ನು, ಅದರಲ್ಲೂ ಎದುರಿನವರ ಮುಖದ ಭಯವನ್ನು ಗುರುತಿಸುವಲ್ಲಿ ಅದರ ಪಾತ್ರ ದೊಡ್ಡದು. ಮೂರ್ಛೆ ಅಲ್ಲೇ ಹುಟ್ಟಿದರೆ, ಕಾರಣವಿಲ್ಲದ ಭಯವೇ ಮೊದಲ ಲಕ್ಷಣವಾಗಬಹುದು. ಹೊಟ್ಟೆಯಿಂದ ಏನೋ ಎದೆಗೆ ಎದ್ದು ಬಂದಂತೆ, ಈ ಜಾಗವನ್ನು ಮೊದಲೇ ನೋಡಿದ್ದೇನೆ ಎಂಬಂತೆ ಅನಿಸುತ್ತದೆ. ಆಮೇಲೆ ಕೆಲವು ನಿಮಿಷ ಶೂನ್ಯ ನೋಟ, ತುಟಿ ಚಪ್ಪರಿಸುವುದು. ಕೈಕಾಲು ಸೆಳೆತವಿಲ್ಲದ ಇಂಥ ಮೂರ್ಛೆಯನ್ನು ಮನೆಯವರು ಗಾಳಿ ಸೋಕಿದೆ ಎಂದು ತಿಳಿದು ತಾಯತದ ದಾರಿ ಹಿಡಿಯುವುದು ಇಂದಿಗೂ ನಿಂತಿಲ್ಲ. ಸೆಳೆತ ಬಂದವರ ಕೈಗೆ ಕಬ್ಬಿಣ ತುರುಕುವುದಕ್ಕಿಂತ ಇದು ಹೆಚ್ಚು ನಷ್ಟದ ಕೆಲಸ, ಏಕೆಂದರೆ ಇಲ್ಲಿ ವರ್ಷಗಳೇ ಕಳೆದುಹೋಗುತ್ತವೆ.

ನಮ್ಮ ನಾಡಿನದೇ ಒಂದು ವಿಚಿತ್ರವೂ ಇದೆ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆಯನ್ನು 1960ರ ದಶಕದಿಂದ ಬೆಂಗಳೂರಿನ ನರವೈದ್ಯರು ದಾಖಲಿಸುತ್ತ ಬಂದಿದ್ದಾರೆ. ದಕ್ಷಿಣ ಕರ್ನಾಟಕದಲ್ಲಿ ಇದು ಜಗತ್ತಿನ ಬೇರೆಡೆಗಿಂತ ಹೆಚ್ಚು. ಈ ರೋಗಿಗಳಲ್ಲಿ ಕೆಲವರಿಗೆ ಆ ಕ್ಷಣದಲ್ಲಿ ಭಯದ ಬದಲು ಹಿತವೆನಿಸಿ, ಇನ್ನಷ್ಟು ನೀರು ಹುಯ್ದುಕೊಳ್ಳುತ್ತಲೇ ಹೋಗುತ್ತಾರೆ. ಭಾವನೆಯೇ ರೋಗದ ಭಾಗವಾಗಿರುವ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ, ಅದೂ ನಮ್ಮ ಬಚ್ಚಲಮನೆಯಲ್ಲಿ.

ಭಾವನೆಯ ಚಿತ್ರಣದಲ್ಲಿ ಹೆಚ್ಚಾಗಿ ಬಳಸುವುದು ಭಯ, ಸಿಟ್ಟು ತುಂಬಿದ ಮುಖಗಳ ಚಿತ್ರಗಳನ್ನು. ಚಿಕ್ಕ ವಯಸ್ಸಿನಲ್ಲಿ ಬಲಬದಿಯ ಟೆಂಪೊರಲ್ ಅಪಸ್ಮಾರ ಶುರುವಾದವರಿಗೆ ಭಯದ ಮುಖವನ್ನು ಗುರುತಿಸುವುದು ಕಷ್ಟವಾಗುತ್ತದೆ ಎಂದು ಇಟಲಿಯ ತಂಡ 2003ರಲ್ಲಿ ತೋರಿಸಿತ್ತು. ಲಂಡನ್ನಿನ ತಂಡ 2009ರಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಅಮಿಗ್ಡಲ ಹೇಗೆ ಸ್ಪಂದಿಸುತ್ತದೆ ಎಂಬುದರಿಂದ ನಂತರದ ಆತಂಕ, ಖಿನ್ನತೆಯ ಬಗ್ಗೆ ಸುಳಿವು ಸಿಗಬಹುದು ಎಂದಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ಎಪಿಲೆಪ್ಸಿ ಕನೆಕ್ಟೋಮ್ ಪ್ರಾಜೆಕ್ಟ್ ಟೆಂಪೊರಲ್ ಅಪಸ್ಮಾರವಿರುವವರ ಮಿದುಳಿನ ಜಾಲಗಳನ್ನು ಅಧ್ಯಯನ ಮಾಡಿತು. ಅದಕ್ಕೆ ಮಾದರಿಯಾದದ್ದು ಸುಮಾರು 1,200 ಆರೋಗ್ಯವಂತ ಯುವಜನರನ್ನು ಆಯ್ದುಕೊಂಡ ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್. ಅಲ್ಲಿ ಭಾಷೆಯ ಕೆಲಸಕ್ಕೆ ಈಸೋಪನ ಕಥೆಗಳನ್ನು ಕೇಳಿಸಿ ಪ್ರಶ್ನೆ ಹಾಕುತ್ತಿದ್ದರು, ಭಾವನೆಗೆ ಮುಖಗಳನ್ನು ತೋರಿಸುತ್ತಿದ್ದರು. ಕಥೆ ಕೇಳಿಸುವ ಉಪಾಯವನ್ನು ಓದು ಬಾರದವರಿಗೂ ಬಳಸಬಹುದು. ನಾವು ಎರವಲು ಪಡೆಯಬೇಕಾದದ್ದು ಅದನ್ನು. ಮುಖಗಳನ್ನು ಎರವಲು ಪಡೆಯಬೇಕಿಲ್ಲ. ಭಾರತೀಯರ ಮುಖಭಾವಗಳ ಸ್ಥಿರಚಿತ್ರ ಮತ್ತು ವಿಡಿಯೊಗಳಿರುವ 'ಟ್ರೆಂಡ್ಸ್' ಎಂಬ ಸಂಗ್ರಹವನ್ನು ನಿಮ್ಹಾನ್ಸ್ ತಂಡ 2008ರಲ್ಲೇ ಪ್ರಕಟಿಸಿದೆ.

ಅತ್ಯುತ್ಸಾಹಕ್ಕೆ ಮದ್ದು ಬೇಕೆಂದರೆ ಸತ್ತ ಮೀನಿನ ಕಥೆಯಿದೆ. 2009ರಲ್ಲಿ ಅಮೆರಿಕದ ಸಂಶೋಧಕರು ಅಂಗಡಿಯಿಂದ ತಂದ ಸತ್ತ ಸಾಲ್ಮನ್ ಮೀನನ್ನು ಯಂತ್ರದೊಳಗಿಟ್ಟು, ಮನುಷ್ಯರ ಫೋಟೊಗಳನ್ನು ತೋರಿಸಿ, ಇವರಿಗೆ ಯಾವ ಭಾವನೆ ಇದೆ ಎಂದು ಕೇಳಿದರು. ಲೆಕ್ಕಾಚಾರದಲ್ಲಿ ಮಾಡಬೇಕಾದ ಒಂದು ತಿದ್ದುಪಡಿಯನ್ನು ಬಿಟ್ಟುಬಿಟ್ಟಾಗ ಮೀನಿನ ಮಿದುಳಿನಲ್ಲೂ 'ಚಟುವಟಿಕೆ' ಕಾಣಿಸಿತು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸಿದರೆ ಕೆಲವು ಆಕಸ್ಮಿಕವಾಗಿ ಬೆಳಗುತ್ತವೆ ಎಂಬುದನ್ನು ತೋರಿಸುವುದೇ ಅವರ ಉದ್ದೇಶವಾಗಿತ್ತು. ಹತ್ತಿಪ್ಪತ್ತು ರೋಗಿಗಳ ಅಧ್ಯಯನವನ್ನು ಹಿಡಿದು 'ದುಃಖದ ಕೇಂದ್ರ ಪತ್ತೆ' ಎಂದು ಶೀರ್ಷಿಕೆ ಕೊಡುವ ಪತ್ರಿಕೆಗಳು ಈ ಮೀನನ್ನು ನೆನೆಯಲಿ. ಹಾಗೆಯೇ, ಈ ಯಂತ್ರ ಮನಸ್ಸಿನ ಗುಟ್ಟನ್ನು ಓದುವುದಿಲ್ಲ. ಅಪರಾಧದ ತನಿಖೆಯಲ್ಲಿ ಒಪ್ಪಿಗೆಯಿಲ್ಲದೆ ನಡೆಸುವ ಮಂಪರು ಪರೀಕ್ಷೆ ಮತ್ತು ಬ್ರೈನ್ ಮ್ಯಾಪಿಂಗ್ ಸಂವಿಧಾನಕ್ಕೆ ವಿರುದ್ಧ ಎಂದು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿತ್ತು. ಆ ಪರೀಕ್ಷೆಗಳಿಗೂ ಆಸ್ಪತ್ರೆಯ ಈ ತಪಾಸಣೆಗೂ ಸಂಬಂಧವಿಲ್ಲ ಎಂದು ರೋಗಿಗೆ ಬಿಡಿಸಿ ಹೇಳುವುದು ಒಳ್ಳೆಯದು.

ಇನ್ನು ಮಾತ್ರೆಗಳ ವಿಷಯ. ಟೋಪಿರಮೇಟ್ ಎಂಬ ಔಷಧ ಕೆಲವರಿಗೆ ಪದಗಳು ಬಾಯಿಗೆ ಬರದಂತೆ ಮಾಡುತ್ತದೆ. ಲೆವೆಟಿರಸೆಟಮ್ ಕೆಲವರನ್ನು ವಿಪರೀತ ಸಿಡುಕರನ್ನಾಗಿಸುತ್ತದೆ. ಅಪಸ್ಮಾರವಿರುವವರಲ್ಲಿ ಖಿನ್ನತೆಯೂ ಬಹಳ ಸಾಮಾನ್ಯ, ಅದರಿಂದಲೂ ಮಾತು ಮಂದವಾಗುತ್ತದೆ. ಆದ್ದರಿಂದ ಮಾತು ತಡವರಿಸುತ್ತದೆ, ಮನಸ್ಸು ಕುಗ್ಗಿದೆ ಎನ್ನುವ ವ್ಯಕ್ತಿಯನ್ನು ನೇರವಾಗಿ ಸುರಂಗಕ್ಕೆ ಕಳುಹಿಸುವ ಮೊದಲು ಮಾತ್ರೆಯ ಚೀಟಿಯನ್ನು ನೋಡಬೇಕು. ಹಾಗೆಂದು ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು, ಹಠಾತ್ತನೆ ನಿಲ್ಲಿಸಿದರೆ ಮೂರ್ಛೆ ಮರುಕಳಿಸಿ ಜೀವಕ್ಕೇ ಎರವಾಗಬಹುದು. ಖಿನ್ನತೆಯನ್ನು ಗುರುತಿಸಲು ಅಪಸ್ಮಾರ ರೋಗಿಗಳಿಗೆಂದೇ 2006ರಲ್ಲಿ ರೂಪಿಸಿದ ಆರು ಪ್ರಶ್ನೆಗಳ ಪಟ್ಟಿಯೊಂದಿದೆ. ಅದಕ್ಕೆ ಬೇಕಾಗುವುದು ಕೆಲವೇ ನಿಮಿಷ. ಭಾಷೆಯ ನಕ್ಷೆ ಕೆಲವರಿಗೆ ಬೇಕು, ಮನಸ್ಸಿನ ಪ್ರಶ್ನೆ ಎಲ್ಲರಿಗೂ ಬೇಕು. ನನ್ನ ಕೈಯಲ್ಲಿ ಜಿಲ್ಲಾಸ್ಪತ್ರೆಯ ಹಣವಿದ್ದರೆ ಮೊದಲು ಈ ಆರು ಪ್ರಶ್ನೆಗಳನ್ನು ಕೇಳುವ ಒಬ್ಬ ಸಮಾಲೋಚಕರನ್ನು ನೇಮಿಸುತ್ತಿದ್ದೆ.

ಚಿತ್ರಣವನ್ನು ಜಿಲ್ಲೆಯಲ್ಲೇ ಮಾಡಿಸುವುದಾದರೆ ಸಾಮಾನ್ಯ ಎಂಆರ್‌ಐ ಸಾಲದು. ಅಪಸ್ಮಾರಕ್ಕೆಂದೇ ಯಾವ ಕೋನಗಳಲ್ಲಿ, ಎಷ್ಟು ತೆಳುವಾದ ಪದರಗಳಲ್ಲಿ ಚಿತ್ರ ತೆಗೆಯಬೇಕೆಂದು ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘಟನೆಯ ತಜ್ಞರು 2019ರಲ್ಲಿ 'ಹಾರ್ನೆಸ್' ಎಂಬ ವಿಧಾನವನ್ನು ಸೂಚಿಸಿದ್ದಾರೆ. ಹಿಪೊಕ್ಯಾಂಪಸ್ ಸುಕ್ಕುಗಟ್ಟಿರುವುದು ಆತುರದ ಸ್ಕ್ಯಾನ್‌ನಲ್ಲಿ ತಪ್ಪಿಹೋಗುತ್ತದೆ. ಲಾಡಿಹುಳುವಿನ ಮೊಟ್ಟೆಗಳಿಂದ ಮಿದುಳಿನಲ್ಲಿ ಆಗುವ ಗಂಟುಗಳು, ಹುಟ್ಟಿನಿಂದ ಬಂದ ಗಾಯದ ಗುರುತುಗಳು ಮೊದಲು ಸರಿಯಾಗಿ ಕಾಣಬೇಕು. ಭಾಷೆ, ಭಾವನೆಯ ಹುಡುಕಾಟ ಅದಾದ ಮೇಲಿನದು.

ಪರೀಕ್ಷೆಗಳನ್ನು ಕಟ್ಟುವವರು ನಮ್ಮಲ್ಲಿ ಇಲ್ಲದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತಜ್ಞರಿದ್ದಾರೆ, ನಿಮ್ಹಾನ್ಸ್‌ನಲ್ಲಿ ಯಂತ್ರಗಳೂ ಓದುವವರೂ ಇದ್ದಾರೆ, ತುಮಕೂರು ವಿಶ್ವವಿದ್ಯಾಲಯದಲ್ಲೂ ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲೂ ಕನ್ನಡ ಬಲ್ಲ ವಿದ್ಯಾರ್ಥಿಗಳಿದ್ದಾರೆ. ಐದರಿಂದ ಒಂಬತ್ತು ವಾಕ್ಯಗಳ ಸಣ್ಣ ಕಥೆಗಳನ್ನು ಗಡಿಭಾಗದ ಕನ್ನಡ, ತೆಲುಗು, ಉರ್ದು, ತಮಿಳಿನಲ್ಲಿ ಊರಿನವರ ದನಿಯಲ್ಲೇ ಧ್ವನಿಮುದ್ರಿಸುವುದು, ಮೊದಲು ಆರೋಗ್ಯವಂತರ ಮೇಲೆ ಪರೀಕ್ಷಿಸಿ ಮಟ್ಟ ಹಿಡಿಯುವುದು, ಆಮೇಲೆ ಎಲ್ಲ ಆಸ್ಪತ್ರೆಗಳಿಗೂ ಉಚಿತವಾಗಿ ಬಿಡುವುದು ಕೋಟಿಗಳ ಯಂತ್ರದ ಮುಂದೆ ಪುಡಿಗಾಸಿನ ಕೆಲಸ. ಅಲ್ಲಿಯವರೆಗೆ, ಬೆಂಗಳೂರಿಗೆ ಬರೆದುಕೊಡುವ ಚೀಟಿಯಲ್ಲಿ ಜಿಲ್ಲೆಯ ವೈದ್ಯರು ಮೂರು ವಿವರಗಳನ್ನು ಸೇರಿಸಿದರೂ ಸಾಕಷ್ಟು ಉಪಕಾರವಾಗುತ್ತದೆ: ಮನೆಮಾತು ಯಾವುದು, ಎರಡನೆಯ ನುಡಿ ಯಾವ ವಯಸ್ಸಿನಲ್ಲಿ ಬಂತು, ಎಷ್ಟನೆಯ ತರಗತಿಯವರೆಗೆ ಓದಿದ್ದಾರೆ.